ಗದ್ದೆಯ ಮಣ್ಣಿನಲ್ಲಿ ಮೇಯುವವರು

ಹಿರಿಯರೇ, ರೈತ ಬಂಧುಗಳೇ, ವಿದ್ಯಾರ್ಥಿಗಳೇ,

ಇಂದು ಬೆಳಿಗ್ಗೆ ಮಂಡ್ಯಕ್ಕೆ ಬರುವಾಗ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಒಂದು ಗದ್ದೆಗೆ ಇಳಿದು ಸೀಸೆಯಲ್ಲಿ ಕೆಸರು ತುಂಬಿಕೊಂಡೆ. ನಾಟಿಯಾಗಿ ಹದಿನೈದು ದಿನವಾಗಿತ್ತಂತೆ. ಗದ್ದೆಯ ಯಜಮಾನರು, "ಮಣ್ಣು ಪರೀಕ್ಷೆಗೋ?" ಎಂದು ಕೇಳಿದರು. "ಇಲ್ಲ, ಇದರಲ್ಲಿ ಮೇಯುತ್ತಿರುವವರನ್ನು ನೋಡುವುದಕ್ಕೆ" ಎಂದೆ. ನನ್ನ ಇಂದಿನ ಮಾತು ಅವರ ಬಗ್ಗೆಯೇ.

ವಿಜ್ಞಾನ ಅವರನ್ನು ಪ್ರೋಟಿಸ್ಟ್‌ಗಳು ಎಂದು ಕರೆಯುತ್ತದೆ. ಅಮೀಬಾ, ಪ್ಯಾರಮೀಸಿಯಂ, ಯೂಗ್ಲೀನಾ ಎಂಬ ಹೆಸರುಗಳನ್ನು ಶಾಲೆಯಲ್ಲಿ ಓದಿರುತ್ತೀರಿ. ಹೆಚ್ಚಿನವು ಒಂದೇ ಕೋಶದ ಜೀವಿಗಳು. ಬ್ಯಾಕ್ಟೀರಿಯಾಗಳಿಗಿಲ್ಲದ ಕೋಶಕೇಂದ್ರ ಇವುಗಳಿಗಿದೆ. ಆದರೂ ಇವು ಪ್ರಾಣಿಗಳಲ್ಲ, ಸಸ್ಯಗಳಲ್ಲ, ಶಿಲೀಂಧ್ರಗಳೂ ಅಲ್ಲ. 2018ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಭೂಮಿಯ ಪ್ರೋಟಿಸ್ಟ್‌ಗಳ ದೇಹದಲ್ಲಿರುವ ಇಂಗಾಲ ಸುಮಾರು 400 ಕೋಟಿ ಟನ್. ಆನೆಯಿಂದ ಇರುವೆಯವರೆಗೆ ಎಲ್ಲ ಪ್ರಾಣಿಗಳನ್ನು ಕೂಡಿಸಿದರೂ ಅದರ ಅರ್ಧದಷ್ಟಾಗುತ್ತದೆ.

ನೀವು ಗದ್ದೆಗೆ ಕೊಟ್ಟಿಗೆ ಗೊಬ್ಬರ ಹೊಡೆಯುತ್ತೀರಿ. ಬ್ಯಾಕ್ಟೀರಿಯಾ ಅದನ್ನು ಕೊಳೆಸುತ್ತದೆ, ಸಾರ ಪೈರಿಗೆ ಸೇರುತ್ತದೆ ಎಂದು ನಾವು ಮೇಷ್ಟ್ರುಗಳು ಹೇಳುತ್ತ ಬಂದಿದ್ದೇವೆ. ನಡುವಿನ ಒಂದು ಹೆಜ್ಜೆಯನ್ನು ಹೇಳದೆ ಬಿಟ್ಟಿದ್ದೇವೆ. ಕೊಳೆಸಿದ ಬ್ಯಾಕ್ಟೀರಿಯಾ ಸಾರಜನಕದ ದೊಡ್ಡ ಪಾಲನ್ನು ತನ್ನ ಮೈಯೊಳಗೇ ಕಟ್ಟಿಕೊಳ್ಳುತ್ತದೆ. ನಮ್ಮ ಹಿರಿಯರು ಹಗೇವಿನಲ್ಲಿ ಮುಚ್ಚಿಟ್ಟ ರಾಗಿಯ ಹಾಗೆ, ಮಣ್ಣಿನಲ್ಲಿದ್ದರೂ ಬೇರಿನ ಕೈಗೆ ಅದು ಸಿಗುವುದಿಲ್ಲ. ಆ ಹಗೇವನ್ನು ತೆರೆಯುವುದು ಅಮೀಬಾ. ಬ್ಯಾಕ್ಟೀರಿಯಾದ ಮೈಯಲ್ಲಿ ಸುಮಾರು ಐದು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿರುತ್ತದೆ. ಅದನ್ನು ನುಂಗಿದ ಅಮೀಬಾ ಇಂಗಾಲದ ಬಹುಭಾಗವನ್ನು ಉಸಿರಾಟದಲ್ಲಿ ಸುಡುತ್ತದೆ. ಮೈ ಕಟ್ಟಲು ಬೇಕಾದುದಕ್ಕಿಂತ ಹೆಚ್ಚು ಸಾರಜನಕ ಆಗ ಮಿಕ್ಕುತ್ತದೆ. ಮಿಕ್ಕದ್ದು ಅಮೋನಿಯಂ ಆಗಿ ಹೊರಬೀಳುತ್ತದೆ. ಕೆಸರುಗದ್ದೆಯ ಭತ್ತ ಹೀರಿಕೊಳ್ಳುವುದು ಮುಖ್ಯವಾಗಿ ಅದನ್ನೇ. ಇದೆಲ್ಲ ಹೆಚ್ಚಾಗಿ ನಡೆಯುವುದೂ ಬೇರಿನ ಮಗ್ಗುಲಲ್ಲಿ: ಬೇರು ಸಿಹಿರಸ ಒಸರುತ್ತದೆ, ಅದಕ್ಕೆ ಬ್ಯಾಕ್ಟೀರಿಯಾ ಮುತ್ತುತ್ತವೆ, ಅವುಗಳನ್ನು ಅರಸಿ ಅಮೀಬಾ ಬರುತ್ತದೆ.

ಇದನ್ನು ಒಪ್ಪಿಕೊಳ್ಳಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. 1909ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದ ರಸೆಲ್ ಮತ್ತು ಹಚಿನ್ಸನ್, ಉಪಕಾರಿ ಬ್ಯಾಕ್ಟೀರಿಯಾಗಳನ್ನು ತಿಂದು ಈ ಜೀವಿಗಳು ಮಣ್ಣಿನ ಫಲವತ್ತತೆಯನ್ನು ಕುಗ್ಗಿಸುತ್ತವೆ ಎಂದು ವಾದಿಸಿದರು. ತಿನ್ನುತ್ತವೆ ಎಂದು ಕಂಡದ್ದು ಸರಿಯಾಗಿತ್ತು. ಅದನ್ನು ನಷ್ಟವೆಂದು ಬರೆದುಕೊಂಡದ್ದು ತಪ್ಪಾಗಿತ್ತು. 1985ರಲ್ಲಿ ಸ್ವೀಡನ್ನಿನ ಮರಿಯಾನ್ ಕ್ಲಾರ್‌ಹೋಮ್ ಎಂಬ ವಿಜ್ಞಾನಿ ಗೋಧಿಯನ್ನು ಎರಡು ಬಗೆಯ ಮಣ್ಣಿನಲ್ಲಿ ಬೆಳೆಸಿ ನೋಡಿದರು. ಬ್ಯಾಕ್ಟೀರಿಯಾ ಮಾತ್ರವಿದ್ದ ಮಣ್ಣಿಗಿಂತ, ಅವುಗಳನ್ನು ತಿನ್ನುವವರೂ ಇದ್ದ ಮಣ್ಣಿನಲ್ಲಿ ಪೈರು ಹೆಚ್ಚು ಸಾರಜನಕ ಪಡೆದಿತ್ತು. ಈ ಪ್ರಯೋಗದ ಬಗ್ಗೆ ಪಾಠ ಮಾಡುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನೀರಿನಲ್ಲೂ ಇದೇ ವ್ಯವಹಾರ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ನೆನೆಯಿರಿ. ನೀರಿನಲ್ಲಿ ಕರಗಿದ ಸಾವಯವ ವಸ್ತು ಮೀನಿನ ಬಾಯಿಗೆ ನೇರವಾಗಿ ದಕ್ಕುವುದಿಲ್ಲ. ಬ್ಯಾಕ್ಟೀರಿಯಾ ಅದನ್ನು ಹೀರುತ್ತವೆ. ಅವುಗಳನ್ನು ಪುಟ್ಟ ಪ್ರೋಟಿಸ್ಟ್‌ಗಳು, ಇವನ್ನು ದೊಡ್ಡ ಪ್ರೋಟಿಸ್ಟ್‌ಗಳು, ಅವುಗಳನ್ನು ನೀರುಚಿಗಟಗಳು, ಕೊನೆಗೆ ಮೀನುಮರಿ. ಕೆರೆಯ ಮೇಲೆ ಕಟ್ಟುವ ದಪ್ಪ ಹಸಿರು ಕೆನೆ ಮಾತ್ರ ಅನೇಕ ಸಲ ಪ್ರೋಟಿಸ್ಟ್ ಅಲ್ಲ, ಸಯನೋಬ್ಯಾಕ್ಟೀರಿಯಾ. ಬಣ್ಣ ನೋಡಿ ಎಲ್ಲವನ್ನೂ ಪಾಚಿ ಎನ್ನಬೇಡಿ. ಡಯಾಟಮ್ ಎಂಬ ಪ್ರೋಟಿಸ್ಟ್ ಗಾಜಿನಂಥ ಸಿಲಿಕಾ ಚಿಪ್ಪು ಕಟ್ಟಿಕೊಳ್ಳುತ್ತದೆ. ಜಗತ್ತಿನ ದ್ಯುತಿಸಂಶ್ಲೇಷಣೆಯ ಸುಮಾರು ಐದನೆಯ ಒಂದು ಭಾಗ ಡಯಾಟಮ್‌ಗಳದು.

ಈ ಡಯಾಟಮ್‌ನ ದೂರದ ನಂಟನನ್ನು ಅಡಿಕೆ ಬೆಳೆಗಾರರು ಚೆನ್ನಾಗಿ ಬಲ್ಲರು. ಕೊಳೆರೋಗ ತರುವ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವಲ್ಲ. ಬಾಲದಂಥ ಎರಡು ಎಳೆಗಳನ್ನು ಬೀಸುತ್ತ ಅದರ ಬೀಜಾಣು ನೀರಿನ ತೆಳುಪೊರೆಯಲ್ಲಿ ಈಜುತ್ತದೆ. ಮಳೆಗಾಲದಲ್ಲಿ ರೋಗ ಕೆರಳುವುದು ಅದಕ್ಕಾಗಿಯೇ. ಮಲೆನಾಡಿನವರು ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ನೀರು ತಾಗದಂತೆ ಮಾಡಿದ್ದು ಬಹಳ ಸರಿಯಾದ ಉಪಾಯ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಪ್ರೋಟಿಸ್ಟ್‌ಗಳೆಲ್ಲ ರೈತನ ಮಿತ್ರರೆಂದು ಹೇಳಿ ಹೋದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಕೊಯ್ಲಾಗಿ ಗದ್ದೆ ಬಿರಿದಾಗ ಇವು ಎಲ್ಲಿ ಹೋಗುತ್ತವೆ ಎಂದು ಕಳೆದ ಬಾರಿ ಒಬ್ಬ ಹುಡುಗಿ ಕೇಳಿದ್ದಳು. ಎಲ್ಲಿಗೂ ಹೋಗುವುದಿಲ್ಲ. ಮೈ ಮುದುಡಿ, ಸುತ್ತಲೂ ಗಟ್ಟಿ ಕವಚ ಕಟ್ಟಿಕೊಂಡು ನಾಲೆಯ ನೀರಿಗಾಗಿ ಅಲ್ಲೇ ಕಾಯುತ್ತವೆ. ಬೇಸಿಗೆಯಲ್ಲಿ ನೀರನ್ನು ಕುದಿಸಿ ಆರಿಸಿ, ಅದರಲ್ಲಿ ಒಂದು ಚಿಟಿಕೆ ಒಣಮಣ್ಣನ್ನೂ ಎರಡು ಎಳೆ ಹುಲ್ಲನ್ನೂ ಹಾಕಿಡಿ. ಮೂರು ನಾಲ್ಕು ದಿನಗಳಲ್ಲಿ ಆ ನೀರು ತುಂಬ ಅವು ಓಡಾಡುತ್ತಿರುತ್ತವೆ. ಇಂದಿನ ಕೆಸರಿನ ಒಂದು ಹನಿಯನ್ನು ಕಿಟಕಿಯ ಬಳಿಯ ಸೂಕ್ಷ್ಮದರ್ಶಕದಲ್ಲಿ ಇಟ್ಟಿದ್ದೇನೆ. ಹನಿ ಒಣಗುವ ಮುನ್ನ ಒಬ್ಬೊಬ್ಬರಾಗಿ ಬನ್ನಿ, ಮಕ್ಕಳು ಮೊದಲು.