ಹೊಸ ಬಣ್ಣದ ಹಿಂದಿನ ಬಿರುಕು: ಮನೆಯ ದೋಷ ಮುಚ್ಚಿಟ್ಟು ಮಾರಿದಾಗ ಖರೀದಿದಾರನ ಹಕ್ಕುಗಳು

ಮಾನ್ಯರೇ,

ಮನೆ ಕೊಳ್ಳುವವರು ವಕೀಲರ ಬಳಿಗೆ ಬರುವುದು ಸಾಮಾನ್ಯವಾಗಿ ಕಾಗದಪತ್ರಗಳ ಪರಿಶೀಲನೆಗೆ ಮಾತ್ರ. ಮೂಲ ಕ್ರಯಪತ್ರ, ಋಣಭಾರ ಪತ್ರ ಎಲ್ಲವೂ ಸರಿಯಾಗಿದ್ದು ನೋಂದಣಿಯೂ ಮುಗಿಯುತ್ತದೆ. ಆಮೇಲೆ ಮೊದಲ ಮಳೆಗೆ ತೊಲೆಯ ಅಡಿಯ ಗಾರೆ ಹಪ್ಪಳದಂತೆ ಕಳಚಿ ಬಿದ್ದು, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿರುವುದು ಕಣ್ಣಿಗೆ ಬೀಳುತ್ತದೆ. ಬಿದ್ದ ಚೂರನ್ನು ತಿರುಗಿಸಿ ನೋಡಿದರೆ ಹಳೆಯ ಬಿರುಕಿನೊಳಗೆ ತುಂಬಿದ ಪುಟ್ಟಿ, ಅದರ ಮೇಲೆ ಹೊಸ ಬಣ್ಣ.

ಕೊಂಡ ಮೇಲೆ ಕೇಳುವ ಹಕ್ಕಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹಾಗೆ ಹೇಳುವುದಿಲ್ಲ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಿಸದಂತಹ ಮಹತ್ವದ ದೋಷವನ್ನು ಮಾರುವವನು ತಾನಾಗಿಯೇ ತಿಳಿಸಬೇಕೆಂದು ಅದರ 55ನೇ ಕಲಮು ವಿಧಿಸುತ್ತದೆ. ಹಾಗೆ ತಿಳಿಸದಿರುವುದು ವಂಚನೆಯೆಂದು ಅದೇ ಕಲಮಿನ ಕೊನೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಕ್ರಯಪತ್ರದಲ್ಲಿ ಬೇರೆ ರೀತಿಯ ಒಪ್ಪಂದವಿದ್ದರೆ ಈ ಕರ್ತವ್ಯ ಕುಗ್ಗಬಹುದು. ಆದ್ದರಿಂದ "ಇದ್ದ ಸ್ಥಿತಿಯಲ್ಲಿಯೇ" ಎಂಬ ಮಾತು ಕಂಡರೆ ಸಹಿ ಹಾಕುವ ಮುನ್ನ ಅದರ ಅರ್ಥವನ್ನು ಕೇಳಿಕೊಳ್ಳಿ.

ಇಲ್ಲಿ ಸುಮ್ಮನಿದ್ದವನಿಗೂ ಬಣ್ಣ ಬಳಿದವನಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. 1872ರ ಕರಾರು ಕಾಯ್ದೆಯ 19ನೇ ಕಲಮಿನ ಪ್ರಕಾರ, ವಂಚನೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ಮೋಸಹೋದವನು ರದ್ದುಪಡಿಸಬಹುದು. ಎದುರಾಳಿ ಬರೀ ಮೌನವಾಗಿದ್ದಾಗ, "ಸಾಮಾನ್ಯ ಶ್ರದ್ಧೆಯಿಂದ ನೀವೇ ಕಂಡುಕೊಳ್ಳಬಹುದಿತ್ತಲ್ಲ" ಎಂಬ ಪ್ರತಿವಾದಕ್ಕೆ ಅಲ್ಲಿ ಅವಕಾಶವಿದೆ. ಆದರೆ ಬಿರುಕಿಗೆ ಪುಟ್ಟಿ ತುಂಬುವುದು, ಸೀಳಿದ ಗೋಡೆಗೆ ಬೀರು ಒರಗಿಸಿಟ್ಟು ಮನೆ ತೋರಿಸುವುದು ಮೌನವಲ್ಲ, ಮರೆಮಾಚುವ ಕೃತ್ಯ. ಬರೀ ಮೌನಕ್ಕಿರುವ ಆ ಪ್ರತಿವಾದ ಇದಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ದಾವೆಯಲ್ಲಿ "ಹೇಳಲಿಲ್ಲ" ಎಂದಷ್ಟೇ ಬರೆಯದೆ, "ಮುಚ್ಚಿದರು" ಎಂಬುದಕ್ಕೆ ಆಧಾರವಿದ್ದರೆ ಅದನ್ನೇ ಮುಂದಿಡಬೇಕು.

ಕ್ರಯಪತ್ರದ ರದ್ದತಿಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೇ ಕಲಮಿನಡಿ ದಾವೆ ಹೂಡಬಹುದು. ಆದರೆ ರದ್ದತಿಯೆಂದರೆ ಮನೆಯನ್ನು ಹಿಂದಿರುಗಿಸಬೇಕು, ಮಾರಿದವನ ಕೈಯಲ್ಲಿ ಅಷ್ಟರೊಳಗೆ ಹಣ ಉಳಿದಿರಬೇಕು. ದುರಸ್ತಿ ಸಾಧ್ಯವಿರುವ ಮನೆಯಾದರೆ ವೆಚ್ಚವನ್ನೂ ಬೆಲೆಯ ಕುಸಿತವನ್ನೂ ನಷ್ಟ ಪರಿಹಾರವಾಗಿ ಕೇಳುವುದೇ ಲೇಸೆಂದು ನನ್ನ ಅಭಿಪ್ರಾಯ. ಸಾಲದ ಕಂತು ಕಟ್ಟುತ್ತಿರುವವರಿಗಂತೂ ರದ್ದತಿ ಇನ್ನಷ್ಟು ತೊಡಕಿನದು. ವಂಚನೆಯ ಪ್ರಕರಣದಲ್ಲಿ ಮೂರು ವರ್ಷಗಳ ಕಾಲಮಿತಿಯನ್ನು ನೋಂದಣಿಯ ದಿನದಿಂದಲ್ಲ, ವಂಚನೆ ತಿಳಿದ ಅಥವಾ ಶ್ರದ್ಧೆಯಿಂದ ತಿಳಿಯಬಹುದಾಗಿದ್ದ ದಿನದಿಂದ ಎಣಿಸಲಾಗುತ್ತದೆ.

ಬಿಲ್ಡರ್‌ನಿಂದಲೇ ಕೊಂಡ ಮನೆಯಾದರೆ ದಾರಿ ಸುಲಭ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 14ನೇ ಕಲಮಿನಂತೆ, ಸ್ವಾಧೀನದ ದಿನದಿಂದ 5 ವರ್ಷಗಳೊಳಗೆ ರಚನಾ ದೋಷವನ್ನು ಗಮನಕ್ಕೆ ತಂದರೆ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಇಲ್ಲದಿದ್ದರೆ ಪರಿಹಾರ ಕೊಡಬೇಕು. ಅಲ್ಲಿ ಬಿಲ್ಡರ್‌ಗೆ ದೋಷ ಗೊತ್ತಿತ್ತೆಂದು ಸಾಧಿಸುವ ಹೊರೆ ನಿಮ್ಮ ಮೇಲಿಲ್ಲ. ಪೊಲೀಸ್ ದೂರಿಗೂ ಅವಕಾಶವಿದೆ, ಆದರೆ ಹಣ ವಸೂಲಿಯ ಬೆದರಿಕೆಯಾಗಿ ಅದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ.

ಹಳೆಯ ಮನೆಯ ವಿಷಯದಲ್ಲಿ ಮಾರಿದವನಿಗೆ ಗೊತ್ತಿತ್ತೆಂದು ತೋರಿಸುವುದೇ ಕಷ್ಟದ ಕೆಲಸ. ಹಿಂದೆ ದುರಸ್ತಿ ಮಾಡಿದ ಮೇಸ್ತ್ರಿಯ ಸಾಕ್ಷ್ಯ, ಅವನಿಗೆ ಹಣ ಕೊಟ್ಟ ದಾಖಲೆ, ಸೋರಿಕೆಯ ಬಗ್ಗೆ ಪಕ್ಕದ ಮನೆಯವರೊಡನೆ ನಡೆದ ಪತ್ರವ್ಯವಹಾರ ಇಲ್ಲಿ ನೆರವಾಗುತ್ತವೆ. ಅನೇಕರು ಹೆದರಿ ಮೊದಲು ಗೋಡೆ ಒಡೆಸುತ್ತಾರೆ, ಆಮೇಲೆ ವಕೀಲರನ್ನು ಹುಡುಕುತ್ತಾರೆ. ಅಷ್ಟರಲ್ಲಿ ಸಾಕ್ಷ್ಯ ಕಸದ ಗಾಡಿಯಲ್ಲಿ ಹೋಗಿರುತ್ತದೆ. ಕುಸಿಯುವ ಅಪಾಯವಿದ್ದರೆ ತೊಲೆಗೆ ಆಧಾರ ಕೊಡಿಸಿ, ಫೋಟೋ ತೆಗೆಸಿ, ಸ್ಟ್ರಕ್ಚರಲ್ ಎಂಜಿನಿಯರ್ ಅವರಿಂದ ಲಿಖಿತ ವರದಿ ಪಡೆದು, ಜಂಟಿ ಪರಿಶೀಲನೆಗೆ ಬರುವಂತೆ ಮಾರಿದವರಿಗೆ ನೋಟಿಸು ಕಳುಹಿಸಿ. ಅವರು ಬಾರದಿದ್ದರೆ ಸ್ಥಳ ನೋಡಿ ನ್ಯಾಯಾಲಯಕ್ಕೆ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಕಕ್ಕೆ ದಾವೆಯಲ್ಲಿ ಅರ್ಜಿ ಹಾಕಬಹುದು. ಪುಟ್ಟಿ ಅಂಟಿದ ಆ ಗಾರೆಯ ಚೂರನ್ನು ಅಲ್ಲಿಯವರೆಗೆ ಜೋಪಾನವಾಗಿಡಿ.