ಎರಡು ವಿಮಾನಗಳ ನೆನಪು

ಕೇಳುಗರಿಗೆ ನಮಸ್ಕಾರ.

ಅಮೆರಿಕವನ್ನು ಏಕೆ ನಂಬುವುದಿಲ್ಲ ಎಂದು ಕೇಳಿದರೆ ಇರಾನಿನ ಅನೇಕರು 1953ನೇ ಇಸವಿಯಿಂದ ಮಾತು ಆರಂಭಿಸುತ್ತಾರೆ. ತೈಲೋದ್ಯಮವನ್ನು ರಾಷ್ಟ್ರೀಕರಿಸಿದ್ದ ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಅವರು ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳ ಸಂಚಿನಿಂದ ಪದಚ್ಯುತರಾದ ವರ್ಷವದು. ಆದರೆ ಆ ಅಪನಂಬಿಕೆ ರಾಜಕಾರಣವನ್ನು ದಾಟಿ ಮನೆಗಳ ದುಃಖವಾದ ಬಗೆಯನ್ನು ಅರಿಯಲು 1988ರ ಜುಲೈ 3ರ ಕಡೆಗೆ ನೋಡಬೇಕೆಂದು ನನಗೆ ತೋರುತ್ತದೆ.

ಇರಾಕಿನೊಡನೆ ಎಂಟು ವರ್ಷ ನಡೆದ ಯುದ್ಧದ ಕೊನೆಯ ದಿನಗಳವು. ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ ವಿಮಾನವನ್ನು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಕ್ಷಿಪಣಿಗಳಿಂದ ಹೊಡೆದುರುಳಿಸಿತು. 66 ಮಕ್ಕಳೂ ಸೇರಿ 290 ಮಂದಿ ಸತ್ತರು. ನೌಕೆಯವರು ಅದನ್ನು ಎಫ್-14 ಯುದ್ಧವಿಮಾನವೆಂದು ಭಾವಿಸಿದ್ದರು; ಹಿಂದಿನ ದೊರೆ ಶಾ ಅವರ ಕಾಲದಲ್ಲಿ ಇರಾನಿಗೆ ಆ ಯುದ್ಧವಿಮಾನಗಳನ್ನು ಮಾರಿದ್ದೂ ಅಮೆರಿಕವೇ. ವಿಮಾನವು ಕೆಳಗಿಳಿಯುತ್ತ ನೌಕೆಯತ್ತ ನುಗ್ಗುತ್ತಿತ್ತೆಂದು ಮೊದಲು ಹೇಳಲಾಯಿತು. ಅದು ನಾಗರಿಕ ವಾಯುಮಾರ್ಗದಲ್ಲೇ ಮೇಲೇರುತ್ತಿತ್ತೆಂದು ನೌಕಾಪಡೆಯ ತನಿಖೆಯೇ ಆಮೇಲೆ ಕಂಡುಕೊಂಡಿತು. 1996ರಲ್ಲಿ ಮೃತರ ಕುಟುಂಬಗಳಿಗೆ 6.18 ಕೋಟಿ ಡಾಲರ್ ಪರಿಹಾರ ಕೊಡಲು ಅಮೆರಿಕ ಸಮ್ಮತಿಸಿತಾದರೂ ಕಾನೂನಿನ ಹೊಣೆಯನ್ನು ಹೊರಲಿಲ್ಲ. ಆ ನೌಕೆಯ ನಾಯಕನ ಸೇವಾವಧಿಗೆ ಪದಕ ಸಂದದ್ದನ್ನು ಇರಾನಿನಲ್ಲಿ ಮರೆತಿಲ್ಲ, ಮರೆಯಬೇಕೆಂದು ಹೇಳುವ ಧೈರ್ಯ ನನಗೂ ಇಲ್ಲ.

ಇರಾನಿನ ಪರಮಾಣು ಕಾರ್ಯಕ್ರಮಕ್ಕೆ ಮಿತಿ ಹಾಕಿದ್ದ 2015ರ ಒಪ್ಪಂದದಿಂದ 2018ರಲ್ಲಿ ಅಮೆರಿಕ ಹೊರನಡೆದಾಗ ಇರಾನಿನಲ್ಲಿ ಮಾತುಕತೆಯ ಪರವಾಗಿ ನಿಂತಿದ್ದವರ ದನಿ ಇನ್ನಷ್ಟು ಕುಗ್ಗಿತು. 2020ರ ಜನವರಿ 3ರಂದು ಬಾಗ್ದಾದಿನಲ್ಲಿ ಅಮೆರಿಕದ ದಾಳಿಗೆ ಇರಾನಿನ ಸೇನಾನಿ ಕಾಸೆಂ ಸುಲೈಮಾನಿ ಬಲಿಯಾದರು. ಟೆಹರಾನಿನ ಶವಯಾತ್ರೆಯಲ್ಲಿ ಅಪಾರ ಜನ ಸೇರಿದರು. ಜನವರಿ 8ರ ನಸುಕಿನಲ್ಲಿ ಇರಾನ್ ಇರಾಕಿನಲ್ಲಿದ್ದ ಅಮೆರಿಕದ ಪಡೆಗಳ ನೆಲೆಗಳ ಮೇಲೆ ಪ್ರತಿದಾಳಿ ನಡೆಸಿ, ಮರುದಾಳಿಯ ನಿರೀಕ್ಷೆಯಲ್ಲಿದ್ದರೂ ತನ್ನ ವಾಯುಪ್ರದೇಶವನ್ನು ಮುಚ್ಚಲಿಲ್ಲ. ಕೆಲವೇ ಗಂಟೆಗಳಲ್ಲಿ ಇರಾನಿನ ರೆವಲ್ಯೂಷನರಿ ಗಾರ್ಡ್ ಪಡೆಯು ಟೆಹರಾನಿನಿಂದ ಕೀವ್‌ಗೆ ಹೊರಟ ಉಕ್ರೇನಿನ ಪ್ರಯಾಣಿಕ ವಿಮಾನಕ್ಕೆ ಎರಡು ಕ್ಷಿಪಣಿಗಳನ್ನು ಹಾರಿಸಿತು. ಸತ್ತವರು 176 ಮಂದಿ, ಹೆಚ್ಚಿನವರು ಇರಾನಿ ಮೂಲದವರೇ. ಶತ್ರುವಿನ ಅಸ್ತ್ರವೆಂಬ ತಪ್ಪು ಗ್ರಹಿಕೆಯೇ ಇಲ್ಲಿಯೂ ಕಾರಣವೆಂದು ಸೇನೆ ಹೇಳಿತು. ಆದರೆ ಅದನ್ನು ಹೇಳಿದ್ದು ಜನವರಿ 11ರಂದು. ಅಲ್ಲಿಯವರೆಗೆ ಸರ್ಕಾರ ತಾಂತ್ರಿಕ ದೋಷದ ಕಥೆಯನ್ನೇ ಹೇಳುತ್ತಿತ್ತು.

ಅಂದು ಸಂಜೆ ಟೆಹರಾನಿನ ಅಮೀರ್ ಕಬೀರ್ ವಿಶ್ವವಿದ್ಯಾಲಯದ ಬಳಿ ಮೃತರಿಗೆ ನಮಿಸಲು ಸೇರಿದ ವಿದ್ಯಾರ್ಥಿಗಳ ಸಭೆ ಪ್ರತಿಭಟನೆಯಾಯಿತು. “ನಮ್ಮ ಶತ್ರು ಇಲ್ಲೇ ಇದ್ದಾನೆ, ಅಮೆರಿಕವೆಂದು ಸುಳ್ಳು ಹೇಳುತ್ತಾರೆ” ಎಂಬ ಘೋಷಣೆ ಆ ದಿನಗಳಲ್ಲಿ ಕೇಳಿಬಂತು. ಶವಯಾತ್ರೆ ನಡೆದು ಒಂದು ವಾರವೂ ಕಳೆದಿರಲಿಲ್ಲ.