ಬಾಡಿಗೆ ಕಟ್ಟಿ ನೋಡು

ನಮಸ್ಕಾರ ಕೇಳುಗರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ತಿಂಗಳಾ ತಿಂಗಳಾ ಬಾಡಿಗೆ ಕಟ್ಟುವವರ ಬಗ್ಗೆ ಮಾತ್ರ ಗಾದೆಯೂ ಸುಮ್ಮನಿದೆ.

ಕಾರವಾರದ ಕೋಡಿಬಾಗದ ಒಂದು ಚಾಳದಲ್ಲಿ ನಾನು ಆರು ವರ್ಷ ಇದ್ದೆ. ಸಾಲಾಗಿ ಎಂಟು ಕೋಣೆ, ಹಿಂದೆ ಒಂದೇ ಬಾವಿ. ಪಕ್ಕದ ಕೋಣೆಯ ಅಕ್ಕ ಬೈತಖೋಲ ಬಂದರಿನಲ್ಲಿ ಮೀನು ವಿಂಗಡಿಸುತ್ತಿದ್ದರು. ಬೋಟು ಬರುವ ಹೊತ್ತಿಗೆ ಅಲ್ಲಿರಬೇಕು. ಅದಕ್ಕೇ ಊರೊಳಗಿನ ಮನೆ.

ಬಾಡಿಗೆ ಕಡಿಮೆ ಇತ್ತು. ಕಡಿಮೆ ಅಂತಲೇ ಮಾಲೀಕರು ರಿಪೇರಿಗೆ ಕೈ ಹಾಕಲಿಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪು. ತಾರಸಿಯಲ್ಲಿ ಒಂದು ಬಿರುಕು ಬಿಟ್ಟರೆ ಸಾಕು, ನೀರು ಒಳಗಿಳಿದು ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಒಂದು ಆಷಾಢದಲ್ಲಿ ನಮ್ಮ ಅಡುಗೆ ಒಲೆಯ ಮೇಲೇ ಬಿತ್ತು. ಸಾರು ಹೋಯಿತು, ತಲೆ ಉಳಿಯಿತು. ಮರುವರ್ಷ ಚಾಳ ಅಪಾಯದಲ್ಲಿದೆ ಅಂತ ಎಲ್ಲರನ್ನೂ ಬಿಡಿಸಿದರು.

ಬಡವರ ಬಾಡಿಗೆ ಮನೆ ಹೀಗೇ ಕಳೆದುಹೋಗುವುದು. ಕಟ್ಟದೇ ಅಲ್ಲ, ಕಟ್ಟಿದ್ದನ್ನು ನೋಡಿಕೊಳ್ಳದೇ.

2020ರ ಲಾಕ್‌ಡೌನಿನಲ್ಲಿ ಕೂಲಿಯವರು ನಗರ ಬಿಟ್ಟು ನಡೆದದ್ದು ನೆನಪಿದೆ ಅಲ್ವಾ? ಆ ಜುಲೈನಲ್ಲಿ ಕೇಂದ್ರ ಸರ್ಕಾರ ಬಾಡಿಗೆ ಮನೆಗಳಿಗೇ ಒಂದು ಯೋಜನೆ ತಂದಿತು. ಸರ್ಕಾರದ ದುಡ್ಡಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ಸರಿಮಾಡಿ 25 ವರ್ಷ ಬಾಡಿಗೆಗೆ ಕೊಡಬೇಕು. ಎರಡು ವರ್ಷಕ್ಕೊಮ್ಮೆ ಬಾಡಿಗೆಯನ್ನು ಶೇಕಡಾ 8ರಷ್ಟು ಏರಿಸಬಹುದು, ಐದು ವರ್ಷದಲ್ಲಿ ಒಟ್ಟು ಶೇಕಡಾ 20 ದಾಟಬಾರದು. ಒಳ್ಳೆಯ ಲೆಕ್ಕವೇ. ಆದರೆ 25 ವರ್ಷ ಅಂದರೆ ನಮ್ಮಲ್ಲಿ 25 ಮಳೆಗಾಲ. ನಗರದವರಿಗೆ ಮನೆ ಕೊಡುವ ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯ, 2024ರಲ್ಲಿ ಶುರುವಾದ ಎರಡನೇ ಹಂತದಲ್ಲೂ ಬಾಡಿಗೆ ಮನೆಗೆ ಜಾಗ ಇದೆ. ಇಲ್ಲಿ ಕಟ್ಟುವುದಾದರೆ, ಬಂದ ಬಾಡಿಗೆಯಲ್ಲಿ ಒಂದು ಪಾಲನ್ನು ರಿಪೇರಿಗೇ ಎತ್ತಿಡಬೇಕು. ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಜೂನಿನಲ್ಲಿ ಏಣಿ ಹತ್ತಿ ಏನು ಮಾಡುವುದು?

ಕಾಯ್ದೆ ಕಾಯುತ್ತದೆ ಅನ್ನಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ಮಿತಿ ಇದೆ. ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿ ದಾಟಿದರೆ ಅದು ಅನ್ವಯಿಸುವುದಿಲ್ಲ. ಆ ದುಡ್ಡಿಗೆ ಈಗ ಕಾರವಾರದಲ್ಲಿ ಮನೆ ಹುಡುಕಿ ನೋಡಿ.

ಆ ಅಕ್ಕ ಈಗ ಕಾಳಿ ನದಿಯಾಚೆ ಸದಾಶಿವಗಡದಲ್ಲಿದ್ದಾರೆ. ಬಾಡಿಗೆ ಹೆಚ್ಚುಕಡಿಮೆ ಅಷ್ಟೇ. ನಸುಕಿನ ರಿಕ್ಷಾದ ದುಡ್ಡು ಬೇರೆ.